ವರ್ನಾಳ ಗುಂಡು, ಡುವೇನನ ನಳಿಗೆ

ನೋಟೀಸನ್ನು ಎಲ್ಮರ್ ಸ್ಟೌಫರ್ ಕಾಫಿ ಹಂಡೆಯ ಮೇಲ್ಗಡೆಯ ಗೋಡೆಗೇ ಅಂಟಿಸಿದ್ದ. ಹಂಗರ್ ರನ್ ಬಂದೂಕು ಕ್ಲಬ್ಬಿನ ಮಂದಿ ಬೇರೆ ಏನನ್ನೂ ಓದದಿದ್ದರೂ ಕಾಫಿಗೆ ಬಂದೇ ಬರುತ್ತಾರೆ ಎಂಬುದು ಇಪ್ಪತ್ತೆರಡು ವರ್ಷ ಪೊಲೀಸ್ ಸಾರ್ಜೆಂಟಾಗಿದ್ದು ನಿವೃತ್ತನಾದ ಅಧ್ಯಕ್ಷನ ಲೆಕ್ಕಾಚಾರ. "ಇತ್ತೀಚಿನ ದುರ್ಘಟನೆಯ ಹಿನ್ನೆಲೆಯಲ್ಲಿ, ಮುಂದಿನ ಮಂಗಳವಾರದಿಂದ ಕಾರ್ಖಾನೆಯ ಕಾಡತೂಸು ಮಾತ್ರ. ಮನೆಯಲ್ಲಿ ತುಂಬಿದ್ದಕ್ಕೆ ಅವಕಾಶವಿಲ್ಲ." ಕೆಳಗೆ ಸಹಿ. ಸಹಿಯ ಕೆಳಗೆ 'ಅಧ್ಯಕ್ಷರು' ಎಂದು ಎರಡು ಗೆರೆ ಎಳೆದು ಬರೆದಿದ್ದ, ಯಾರಾದರೂ ಮರೆತಿದ್ದರೆ ಇರಲಿ ಎಂದು.

ನೋಟೀಸಿನಲ್ಲಿ ವರ್ನಾ ಹಾರ್ನ್ಯಾಕಳ ಹೆಸರಿರಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ಇಪ್ಪತ್ತೊಂದು ಚಳಿಗಾಲಗಳಿಂದ ಕ್ಲಬ್ಬಿನ ರಿವಾಲ್ವರುಗಳಿಗೆ ಕಾಡತೂಸು ತುಂಬಿಕೊಡುತ್ತಿದ್ದವಳು ಅವಳೊಬ್ಬಳೇ. ಹಗಲು ಶಾಲೆಯ ಅಡುಗೆಮನೆಯಲ್ಲಿ ನಾನೂರು ಮಕ್ಕಳಿಗೆ ಬಡಿಸುವುದು, ಸಂಜೆ ಮನೆಯ ನೆಲಮಾಳಿಗೆಯಲ್ಲಿ ಕಾಡತೂಸು ತುಂಬುವ ಪ್ರೆಸ್ಸಿನ ಹಿಡಿಕೆ ಎಳೆಯುವುದು. ಎರಡೂ ಕಡೆ ಅವಳ ಸೂತ್ರ ಒಂದೇ: ಯಾರಿಗೂ ಒಂದು ಚಮಚ ಹೆಚ್ಚಿಲ್ಲ, ಒಂದು ಚಮಚ ಕಮ್ಮಿಯಿಲ್ಲ.

ದುರ್ಘಟನೆ ಎಂದರೆ ಹಿಂದಿನ ಮಂಗಳವಾರ ನಡೆದದ್ದು. ಡುವೇನ್ ಕುಲ್ ಎಂಬ ಇಪ್ಪತ್ತನಾಲ್ಕರ ಹುಡುಗ ಅಜ್ಜನ ರಿವಾಲ್ವರಿನಲ್ಲಿ ವೇಗದ ಸುತ್ತು ಹೊಡೆಯುತ್ತಿದ್ದ. ನಾಲ್ಕನೆಯ ಗುಂಡಿಗೆ ಸದ್ದು ಕೆಟ್ಟಿತು. ನೋಡಿದರೆ ನಳಿಗೆಯ ನಡುವೆ, ಹಾವು ಕಪ್ಪೆ ನುಂಗಿದ ಹಾಗೆ, ಒಂದು ಉಬ್ಬು. ಯಾರಿಗೂ ಗಾಯವಾಗಲಿಲ್ಲ. ಪಕ್ಕದಲ್ಲಿದ್ದ ಕಾಡತೂಸಿನ ಡಬ್ಬದ ಮೇಲೆ ವರ್ನಾಳ ನೀಲಿ ಪೆನ್ಸಿಲ್ಲಿನ ಅಕ್ಷರವಿತ್ತು. "ಒಂದೇ ಕಾಡತೂಸಿಗೆ ಎರಡು ಸಲ ಮದ್ದು ಬಿದ್ದಿದೆ" ಎಂದು ಎಲ್ಮರ್ ಅಲ್ಲೇ ತೀರ್ಪು ಕೊಟ್ಟ. ಬುಧವಾರ ಬೆಳಗಾಗುವ ಹೊತ್ತಿಗೆ ಅದು ಹಾಲಿನಂಗಡಿಯವರೆಗೂ ಹೋಗಿ, ಗುರುವಾರಕ್ಕೆ ಶಾಲೆಯ ಅಡುಗೆಮನೆಗೂ ಬಂದಿತ್ತು.

ವರ್ನಾ ನೋಟೀಸನ್ನು ಪೂರ್ತಿ ಓದಿ, ಕಾಫಿ ಬಗ್ಗಿಸಿಕೊಂಡು, ಎಲ್ಮರ್ ಕೂತಿದ್ದ ಮೇಜಿಗೆ ಹೋದಳು. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ಆರನೇ ತರಗತಿಯಿಂದಲೂ ಒಬ್ಬರ ಮಾತಿಗೆ ಇನ್ನೊಬ್ಬರು ತಲೆಯಾಡಿಸಿದವರಲ್ಲ.

"ಎಲ್ಮರ್, ಆ ನಳಿಗೆ ಎಲ್ಲಿ ಉಬ್ಬಿದೆ?"

"ನಡುವೆ. ನೀನೂ ನೋಡಿದ್ಯಲ್ಲ."

"ಸಿಲಿಂಡರು?"

"ಏನಾಗಿದೆ ಅದಕ್ಕೆ?"

"ಏನೂ ಆಗಿಲ್ಲ. ಅದನ್ನೇ ಕೇಳ್ತಿರೋದು. ಎರಡು ಸಲ ಮದ್ದು ಬಿದ್ರೆ ಸಿಲಿಂಡರು ಬಾಯಿ ಬಿಡತ್ತೆ, ಅದರ ಮೇಲಿನ ಉಕ್ಕಿನ ಪಟ್ಟಿ ಎದ್ದು ಹೋಗತ್ತೆ. ನಡುವೆ ಉಬ್ಬಿದೆ ಅಂದ್ರೆ ಅಲ್ಲಿ ಮೊದ್ಲೇ ಏನೋ ಸಿಕ್ಕೊಂಡಿತ್ತು, ಹಿಂದಿನಿಂದ ಬಂದಿದ್ದು ಅದಕ್ಕೆ ಗುದ್ದಿದೆ. ಇಪ್ಪತ್ತೆರಡು ವರ್ಷ ಸೊಂಟಕ್ಕೆ ಬಂದೂಕು ಕಟ್ಕೊಂಡು ಓಡಾಡ್ದೆ, ಒಂದಿನಾನಾದ್ರೂ ಒಳಗೆ ಇಣುಕಿ ನೋಡಿದ್ಯಾ?"

ಎಲ್ಮರ್ ಕಾಫಿ ಕಲಕಿದ. ಸಕ್ಕರೆ ಹಾಕದ ಕಾಫಿಯನ್ನು ಕಲಕುವುದು ಅವನಿಗೆ ಯೋಚಿಸಲು ಸಮಯ ಬೇಕೆಂಬುದರ ಗುರುತು.

"ಸರಿ," ಎಂದ. "ಏನೋ ಸಿಕ್ಕೊಂಡಿತ್ತು. ಒಂದು ಹಿತ್ತಾಳೆ ಕೇಸಿಗೆ ನೀನು ಮದ್ದು ಹಾಕೋದು ಮರ್ತೆ. ಬರೀ ಬುಡದ ಕ್ಯಾಪು ಸಿಡಿದ ಜೋರಿಗೆ ಗುಂಡು ಅರ್ಧ ದಾರಿ ಹೋಗಿ ಕೂತ್ಕೊಂಡಿತು. ಹೆಚ್ಚು ಹಾಕಿದ್ಯೋ, ಹಾಕೇ ಇಲ್ವೋ, ಡಬ್ಬ ನಿಂದೇ ತಾನೇ?"

ವರ್ನಾ ದನಿ ಏರಿಸಿದಳು.

"ಹಾಗಾದ್ರೆ ನಳಿಗೆ ಸೀಳಿಸು. ಹೇಗೂ ಕೆಟ್ಟಿದೆ. ಶನಿವಾರ ಆಂಡಿ ಪೆಟ್ರೂನಾಕ್‌ನ ವರ್ಕ್‌ಶಾಪಲ್ಲಿ, ಎಲ್ಲಾರ ಮುಂದೆ. ಒಳಗೆ ಇಡೀ ಗುಂಡು ಸಿಕ್ರೆ ತಪ್ಪು ನಂದು. ನನ್ನ ಪ್ರೆಸ್ಸನ್ನ ನಾನೇ ಕಿತ್ತು ಹಳ್ಳಕ್ಕೆ ಎಸೀತೀನಿ, ಈ ಬಾಗ್ಲಿಗೆ ಮತ್ತೆ ಬರಲ್ಲ. ಸಿಗ್ಲಿಲ್ಲ ಅಂದ್ರೆ ಈ ಕಾಗದ ಇಳೀಬೇಕು."

"ಕಾಗದದ ಮಾತು ಆಮೇಲೆ," ಎಂದ ಎಲ್ಮರ್.

ಮೂಲೆಯಲ್ಲಿ ಉಪ್ಪಿನಲ್ಲಿ ನೆನೆಸಿದ ಮೊಟ್ಟೆ ತಿನ್ನುತ್ತಿದ್ದ ಡುವೇನ್ ಅಗಿಯುವುದನ್ನು ನಿಲ್ಲಿಸಿದ್ದು ಅವಳ ಕಣ್ಣಿಗೆ ಬಿತ್ತು. ಹುಡುಗನಿಗೆ ಅಜ್ಜನ ರಿವಾಲ್ವರಿನ ಮೇಲೆ ಪ್ರೀತಿ ಎಂದುಕೊಂಡಳು.

ಮನೆಗೆ ಬಂದು ನೆಲಮಾಳಿಗೆಯ ದೀಪ ಹಾಕಿದಾಗ ಅವಳ ಮೊಂಡುತನ ಒಂದು ಮೆಟ್ಟಿಲು ಕೆಳಗಿಳಿಯಿತು. ಎಲ್ಮರ್ ಕಾಫಿ ಕಲಕಿಕೊಂಡು ಹೇಳಿದ ಮಾತು ಸುಳ್ಳೇ ಆಗಿರಬೇಕೆಂದೇನಿರಲಿಲ್ಲ.

ಗುರಿಕಾಗದಕ್ಕೆ ಹೊಡೆಯುವವರಿಗೆ ಬೇಕಾದದ್ದು ವ್ಯಾಡ್‌ಕಟರ್ ಎಂಬ ಗುಂಡು. ಮೂತಿಯೇ ಇಲ್ಲದ್ದು, ಡೊಣ್ಣೆಯ ತುಂಡಿನಂತೆ ಮುಂದೆ ಚಪ್ಪಟೆ. ಮೊನಚು ಗುಂಡು ಕಾಗದವನ್ನು ಹರಿದು ಹೋದರೆ ಇದು ಕತ್ತರಿಸಿ ಹೋಗುತ್ತದೆ, ಆಫೀಸಿನ ಪಂಚ್ ಯಂತ್ರ ಮಾಡಿದಂಥ ದುಂಡು ತೂತು. ತೂತು ಹತ್ತು ಅಂಕದ ವೃತ್ತದ ಗೆರೆಗೆ ತಾಗಿದೆಯೋ ಇಲ್ಲವೋ ಎಂದು ಭೂತಗನ್ನಡಿ ಹಿಡಿದು ಜಗಳ ಕಾಯುವ ಪ್ರಮೇಯ ಕಡಿಮೆ. ಕಡಿಮೆ ಅಷ್ಟೆ, ಜಗಳವೇ ಇಲ್ಲದಿದ್ದರೆ ಹಂಗರ್ ರನ್ನಿನಲ್ಲಿ ಚಳಿಗಾಲ ಕಳೆಯುವುದು ಹೇಗೆ?

ಅದರಲ್ಲೂ ಮೂರು ಜಾತಿ. ಎರಡೂ ತುದಿ ಚಪ್ಪಟೆಯಾದ ಗಟ್ಟಿ ಗುಂಡು, ಬುಡದ ಅಂಚು ಕೆತ್ತಿದ ಗುಂಡು, ಬುಡ ಟೊಳ್ಳಾದ ಗುಂಡು. ವರ್ನಾ ಮೂರನ್ನೂ ನಾಲ್ಕು ಚಳಿಗಾಲ ಹೊಡೆದು ನೋಡಿ ಟೊಳ್ಳಿನದನ್ನು ಆರಿಸಿಕೊಂಡಿದ್ದಳು. ಕ್ಲಬ್ಬಿನ ರಿವಾಲ್ವರುಗಳಲ್ಲಿ ಯಾವ ಎರಡರ ನಳಿಗೆಯೂ ಒಂದೇ ಅಳತೆಯದಲ್ಲ; ಒಂದು ಬಿಗಿ, ಇನ್ನೊಂದು ಸಡಿಲ. ಟೊಳ್ಳು ಗುಂಡಿನ ಹಿಂಭಾಗ ತೆಳು ಸೀಸದ ಲಂಗದ ಹಾಗಿರುತ್ತದೆ. ಮದ್ದು ಉರಿದಾಗ ಲಂಗ ಅರಳಿ, ಯಾವ ನಳಿಗೆಯಾದರೂ ಅದರ ಗೋಡೆಗೆ ಒತ್ತಿ ಕೂರುತ್ತದೆ. ಎಲ್ಲರಿಗೂ ಹೊಂದುವ ಗುಂಡು. ಷರತ್ತು ಒಂದೇ: ಕಡಿಮೆ ಮದ್ದಿನಿಂದ ಮೆತ್ತಗೆ ನೂಕಬೇಕು.

ಆ ಮೆತ್ತನೆಯೇ ಕ್ಲಬ್ಬಿನ ಹುಡುಗರಿಗೆ ನಗೆಪಾಟಲು. "ಮಿಸೆಸ್ ಹಾರ್ನ್ಯಾಕ್, ನಿಮ್ಮ ಗುಂಡು ಸಿಡಿಯಲ್ಲ, ಸೀನತ್ತೆ" ಎಂದು ಡುವೇನನೇ ಒಮ್ಮೆ ಹೇಳಿದ್ದ. "ಸೀನಿದ್ರೂ ಹತ್ತಕ್ಕೇ ಸೀನತ್ತೆ ಕಣಪ್ಪ, ನಿನ್ನ ಥರ ಏಳಕ್ಕೆ ಕೆಮ್ಮಲ್ಲ" ಎಂದು ಅವಳು ಬಾಯಿ ಮುಚ್ಚಿಸಿದ್ದಳು.

ತುಂಬುವ ಕ್ರಮ ಇಷ್ಟು: ಐವತ್ತು ಹಿತ್ತಾಳೆ ಕೇಸುಗಳನ್ನು ತೂತು ಕೊರೆದ ಮರದ ಹಲಗೆಯಲ್ಲಿ ನಿಲ್ಲಿಸಿ, ಒಂದೊಂದಕ್ಕೂ ತಕ್ಕಡಿಯಲ್ಲಿ ಸರಿನೋಡಿದ ಅಳತೆಯ ಮದ್ದು ಹಾಕುವುದು. ಆ ಮದ್ದು ಕೇಸಿನ ತಳದಲ್ಲಿ ಎಷ್ಟು ಸ್ವಲ್ಪವೆಂದರೆ, ಇದೆಯೋ ಇಲ್ಲವೋ ಎಂದು ದೀಪ ಬಗ್ಗಿಸಿ ನೋಡಿದರೆ ಮಾತ್ರ ತಿಳಿಯುತ್ತದೆ. ಐವತ್ತರ ಬಾಯಿಗೂ ದೀಪ ಹಿಡಿದು ನೋಡಿದ ಮೇಲೆಯೇ ಗುಂಡು ಕೂರಿಸುವುದು. ಇಪ್ಪತ್ತೊಂದು ವರ್ಷ ತಪ್ಪದ ಕಟ್ಟಳೆ.

ಆದರೆ ಆ ಡಬ್ಬ ತುಂಬಿದ ಸಂಜೆ ಅಡುಗೆಮನೆಯ ಪೈಪು ಹೆಪ್ಪುಗಟ್ಟಿ, ಗಂಡ ಎಮಿಲ್ ಮೇಲಿನಿಂದ ಕೂಗಿದ್ದ. ಹಲಗೆಯನ್ನು ಹಾಗೆಯೇ ಬಿಟ್ಟು ಹೋಗಿದ್ದಳು. ಅರ್ಧ ಗಂಟೆ ಬಿಟ್ಟು ಬಂದು ಗುಂಡು ಕೂರಿಸಿದ್ದು ನೆನಪಿದೆ. ನಡುವೆ ದೀಪ ಹಿಡಿದದ್ದು? ಹಿಡಿದಿರಬೇಕು. ಹಿಡಿಯದೆ ಇರುವುದುಂಟೇ? ಇಪ್ಪತ್ತೊಂದು ವರ್ಷ ಒಂದೇ ಕೆಲಸ ಮಾಡಿದವರಿಗೆ ಇದೇ ತೊಂದರೆ. ಯಾವ ಸಂಜೆ ನೆನೆದರೂ ದೀಪ ಹಿಡಿದ ಹಾಗೆಯೇ ನೆನಪಾಗುತ್ತದೆ.

ಎಮಿಲ್ ಮೆಟ್ಟಿಲ ಮೇಲೆ ಕೂತು ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ.

"ಅಲ್ಲ ಮಾರಾಯ್ತಿ, ಗ್ಯಾರಂಟಿ ಇಲ್ದೆ ನಳಿಗೆ ಸೀಳ್ಸು ಅಂತ ಯಾಕಂದೆ?"

"ಗ್ಯಾರಂಟಿ ಇಲ್ಲ ಅಂತಾನೇ ಅಂದೆ. ನಾನೇ ಮರ್ತಿದ್ರೆ ನಂಗೆ ಗೊತ್ತಾಗ್ಬೇಕು. ಎಲ್ಮರ್ ಬಾಯಿಂದ ಅಲ್ಲ, ನಳಿಗೆ ಬಾಯಿಂದ."

"ಪ್ರೆಸ್ಸು ಹಳ್ಳಕ್ಕೆ ಎಸೀತೀನಿ ಅಂತ ಬೇರೆ ಹೇಳಿದ್ಯಂತೆ. ಹಳ್ಳ ಹೆಪ್ಪುಗಟ್ಟಿದೆ. ಮೇಲೇ ಕೂತಿರತ್ತೆ ಅದು, ಏಪ್ರಿಲ್ ತನಕ."

"ಎಸೆಯೋ ಹೊತ್ತಿಗೆ ಮಂಜುಗಡ್ಡೆಗೆ ತೂತು ಕೊರ್ಸ್ತೀನಿ ಬಿಡು," ಎಂದಳು ವರ್ನಾ. ನಗಲಿಲ್ಲ.

ಶುಕ್ರವಾರ ಮಧ್ಯಾಹ್ನ ಡುವೇನ್ ಶಾಲೆಯ ಹಿಂಬಾಗಿಲಿಗೆ ಬಂದ. ಅವಳು ದೊಡ್ಡ ಬಾಣಲೆ ಉಜ್ಜುತ್ತಿದ್ದಳು. ಹುಡುಗ ಟೋಪಿಯನ್ನು ಕೈಯಲ್ಲಿ ಹಿಂಡುತ್ತ ಹವಾಮಾನದ ಬಗ್ಗೆ ಎರಡು ಮಾತಾಡಿ, ಹಿಮ ಬೀಳುತ್ತಿದೆ ಎಂದು ಕಿಟಕಿಯಾಚೆ ಕಾಣುತ್ತಿದ್ದುದನ್ನೇ ತಿಳಿಸಿದ.

"ಮಿಸೆಸ್ ಹಾರ್ನ್ಯಾಕ್, ನಾಳೆ ಸೀಳೋದು ಬೇಡ."

"ಯಾಕೆ, ಅಜ್ಜ ಬೇಜಾರು ಮಾಡ್ಕೋತಾರಾ? ಅವ್ರು ಹೋಗಿ ಒಂಬತ್ತು ವರ್ಷ ಆಯ್ತು."

"ಅದಲ್ಲ. ನಿಮ್ಮನ್ನ ಯಾರೂ ಏನೂ ಅಂದ್ಕೊಂಡಿಲ್ಲ. ವಯಸ್ಸಾಯ್ತು, ಒಂದು ಕೈತಪ್ಪಿತು, ಆಯ್ತು ಅಂತಾರೆ ಅಷ್ಟೆ. ಒಂದು ತಿಂಗಳಿಗೆ ಎಲ್ಲ ಮರ್ತುಬಿಡ್ತಾರೆ."

ವರ್ನಾ ಬಾಣಲೆಯನ್ನು ಕೆಳಗಿಟ್ಟಳು. "ಡುವೇನ್, ಆ ಡಬ್ಬದಲ್ಲಿ ಏನಿತ್ತು?"

ಅವನು ಟೋಪಿಗೇ ಹೇಳಿದ. ಡಬ್ಬ ಅವಳದ್ದೇ, ಒಳಗಿನ ಕಾಡತೂಸು ಅಲ್ಲ. ಅವಳು ಕೊಟ್ಟದ್ದನ್ನು ಜನವರಿಯಲ್ಲೇ ಹೊಡೆದು ಮುಗಿಸಿದ್ದ. ಖಾಲಿ ಕೇಸುಗಳಿಗೆ, ಅವಳಿಂದಲೇ ಹಿಂದೊಮ್ಮೆ ಕೇಳಿ ತೆಗೆದುಕೊಂಡಿದ್ದ ಟೊಳ್ಳು ಗುಂಡುಗಳನ್ನು, ಭಾವನ ಪ್ರೆಸ್ಸಿನಲ್ಲಿ ತಾನೇ ತುಂಬಿದ್ದ. ಮದ್ದು ಸ್ವಲ್ಪ ಜಾಸ್ತಿ.

"ಎಷ್ಟು ಜಾಸ್ತಿ?"

"ಸದ್ದು ಬರೋ ಅಷ್ಟು."

"ಸೀನಬಾರ್ದು ಅಂತ."

"ಹೂಂ."

ವರ್ನಾಳಿಗೆ ಮೊದಲು ಬಂದದ್ದು ಸಿಟ್ಟಲ್ಲ. ಹತ್ತು ದಿನದಿಂದ ಎದೆಯ ಮೇಲೆ ಕೂತಿದ್ದ ಮರದ ಹಲಗೆಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಸಿಟ್ಟು ಅದರ ಹಿಂದೆಯೇ ಬಂತು.

"ಹಾಗಾದ್ರೆ ನಾಳೆ ಏನು ಸಿಗತ್ತೆ ಅಂತ ನಿಂಗೆ ಗೊತ್ತು."

"ಇಲ್ಲ. ಏನು ಸಿಗತ್ತೆ?"

ನಿಜಕ್ಕೂ ಗೊತ್ತಿರಲಿಲ್ಲ ಅವನಿಗೆ. ಟೊಳ್ಳು ಗುಂಡಿಗೆ ಲಂಗವಿದೆ, ಅದನ್ನು ಜೋರಾಗಿ ನೂಕಿದರೆ ತಲೆ ಮುಂದೆ ಹೋಗಿ ಲಂಗ ಹರಿದು ನಳಿಗೆಯಲ್ಲೇ ಉಳಿಯುತ್ತದೆ ಎಂಬುದು ಅವನಿಗೆ ಯಾರೂ ಹೇಳದ ಸಂಗತಿ. ಅವನು ಕೇಳಿಯೂ ಇರಲಿಲ್ಲ.

"ಷೆರಿಫ್ ಆಫೀಸಲ್ಲಿ ಕೆಲಸಕ್ಕೆ ಅರ್ಜಿ ಹಾಕಿದೀನಿ," ಎಂದ ಡುವೇನ್. "ಎಲ್ಮರ್ ಶಿಫಾರಸು ಪತ್ರ ಕೊಡ್ತೀನಿ ಅಂದಿದಾರೆ. ಇದು ಗೊತ್ತಾದ್ರೆ ಕೊಡಲ್ಲ. ನಿಮ್ಗಾದ್ರೆ ಏನೂ ನಷ್ಟ ಇಲ್ವಲ್ಲ."

"ಏನೂ ನಷ್ಟ ಇಲ್ಲ," ಎಂದಳು ವರ್ನಾ, ಆ ಮಾತಿನ ರುಚಿ ನೋಡುವವಳಂತೆ. "ನೋಡಪ್ಪ, ನಾನು ಮೂರು ಮಕ್ಕಳನ್ನ ಬೆಳ್ಸಿದೀನಿ. ಅವ್ರು ಪಕ್ಕದ್ಮನೆ ಕಿಟಕಿ ಒಡ್ದಾಗ ನಾನು ಒಡ್ದೆ ಅಂತ ಒಂದಿನಾನೂ ಹೇಳ್ಲಿಲ್ಲ. ನೀನು ನನ್ನ ಮಗಾನೂ ಅಲ್ಲ. ನಾಳೆ ಹತ್ತು ಗಂಟೆಗೆ. ಮೊದ್ಲು ನೀನು ಹೇಳ್ತೀಯೋ, ನಳಿಗೆ ಹೇಳತ್ತೋ, ಯೋಚ್ನೆ ಮಾಡ್ಕೊಂಡು ಬಾ."

ಅವನು ಯೋಚನೆಗೆ ಇಡೀ ಸಮಯವನ್ನೂ ಬಳಸಿಕೊಂಡ. ಶನಿವಾರ ಆಂಡಿ ಪೆಟ್ರೂನಾಕ್ ನಳಿಗೆಯನ್ನು ಬೆಂಚಿನ ಇಕ್ಕಳಕ್ಕೆ ಕಚ್ಚಿಸಿ ಉದ್ದುದ್ದಕ್ಕೆ ಗರಗಸ ಆಡಿಸಿ ಮುಗಿಸುವವರೆಗೂ ಡುವೇನ್ ಒಲೆಯ ಪಕ್ಕ ಬಾಯಿ ಬಿಡದೆ ನಿಂತಿದ್ದ. ಹನ್ನೊಂದು ಜನ ಸೇರಿದ್ದರು. ನಳಿಗೆ ಎರಡು ಹೋಳಾಗಿ ಬೆಂಚಿನ ಮೇಲೆ ಬಿದ್ದಾಗ ಹನ್ನೊಂದು ತಲೆಗಳೂ ಬಗ್ಗಿದವು.

ಇಡೀ ಗುಂಡು ಇರಲಿಲ್ಲ. ಉಬ್ಬಿನ ಜಾಗದಲ್ಲಿ, ಒಳಗೋಡೆಗೆ ಇಸ್ತ್ರಿ ಮಾಡಿದಂತೆ ಅಂಟಿದ್ದ ತೆಳ್ಳನೆಯ ಸೀಸದ ಪಟ್ಟಿ. ಆಂಡಿ ಹಿತ್ತಾಳೆ ಕಡ್ಡಿಯಿಂದ ಮೀಟಿದಾಗ ಅದು ಉಂಗುರದ ಅರ್ಧದಂತೆ ಎದ್ದು ಬಂತು.

"ಲಂಗ," ಎಂದ ಆಂಡಿ. ಐವತ್ತು ವರ್ಷ ಲೋಹ ಕೊರೆದವನಿಗೆ ಅದಕ್ಕಿಂತ ಹೆಚ್ಚು ಮಾತು ಬೇಕಿರಲಿಲ್ಲ. ಆಮೇಲೆ ಎಲ್ಮರನ ಮುಖ ನೋಡಿ ದಯೆ ತೋರಿದ. "ಮದ್ದು ಹಾಕದೆ ಇದ್ದಿದ್ರೆ ಇಡೀ ಗುಂಡು ಬಿರಡೆ ಥರ ಕೂತಿರ್ತಿತ್ತು. ಇದು ಹರ್ದಿದೆ. ಜಾಸ್ತಿ ಜೋರು. ವರ್ನಾಳ ಅಳತೆಗೆ ಇದು ಹರ್ಯೋದು ಅಂದ್ರೆ, ನನ್ನ ಅತ್ತೆ ಉಸಿರಿಗೆ ಗೋಡೆ ಬೀಳೋದು."

ಆಗ ಡುವೇನ್ ಹೇಳಿದ. ನಾಲ್ಕೇ ವಾಕ್ಯ, ಅದರಲ್ಲಿ ಎರಡು ಕ್ಷಮಾಪಣೆ. ಯಾರೂ ಬೈಯಲಿಲ್ಲ, ಹತ್ತು ಜನ ಒಟ್ಟಿಗೆ ಅವನನ್ನು ನೋಡಿದ್ದೇ ಸಾಕಾಗಿತ್ತು.

ವರ್ನಾ ಎಲ್ಮರನ ಕಡೆ ತಿರುಗಿದಳು. "ಕಾಗದ ಇಳ್ಸು."

ಎಲ್ಮರ್ ಕಲಕಲು ಕಾಫಿ ಇಲ್ಲದೆ ಮೀಸೆ ಒರೆಸಿಕೊಂಡ. "ನಿನ್ನ ಮೇಲಿನ ಮಾತು ವಾಪಸ್ಸು ತಗೊಂಡೆ, ವರ್ನಾ. ಎಲ್ಲಾರ ಮುಂದೆ. ಆದ್ರೆ ಕಾಗದ ಇಳಿಯಲ್ಲ."

"ಯಾಕೆ?"

"ಮನೇಲಿ ತುಂಬಿದ್ರಿಂದಾನೇ ಆಗಿದ್ದು ಅಂತ ನೀನೇ ಈಗ ತೋರ್ಸಿದ್ಯಲ್ಲ. ಇವತ್ತು ಇವನು, ನಾಳೆ ಇನ್ನೊಬ್ಬ. ಯಾರ ಡಬ್ಬದಲ್ಲಿ ಯಾರ ಗುಂಡು ಇದೆ ಅಂತ ನಾನು ಹೇಗೆ ನೋಡ್ಲಿ? ಕಾರ್ಖಾನೇದು ಅಂದ್ರೆ ತಲೆನೋವಿಲ್ಲ."

ತೊಂದರೆಯೆಂದರೆ ಮಾತಿನಲ್ಲಿ ತರ್ಕವಿತ್ತು. ತನ್ನ ನಿರಪರಾಧಿತ್ವದ ಸಾಕ್ಷಿಯೇ ತನ್ನ ಕೊರಳಿಗೆ ಬಂದದ್ದನ್ನು ವರ್ನಾ ಒಂದು ಕ್ಷಣ ಮೆಚ್ಚುಗೆಯಿಂದಲೇ ನೋಡಿದಳು. ಎಲ್ಮರ್ ಇಷ್ಟು ಚುರುಕಾಗಿ ಯೋಚಿಸಿದ್ದನ್ನು ಅವಳು ಆರನೇ ತರಗತಿಯಲ್ಲೂ ಕಂಡಿರಲಿಲ್ಲ.

"ಒಬ್ಬ ಉಪ್ಪು ಸುರಿದ ಅಂತ ಊರಲ್ಲಿ ಅಡುಗೇನೇ ನಿಲ್ಲಿಸ್ತೀಯಾ? ಕಲೀದೆ ತುಂಬೋನಿಗೆ ಕಲ್ಸು. ಇಲ್ಲಾಂದ್ರೆ ನನ್ನ ಹತ್ರ ಕಳ್ಸು. ಅದು ಬಿಟ್ಟು, ತಪ್ಪಿಲ್ದೆ ತುಂಬೋಳ ಕೈ ಕಟ್ತೀಯಾ?"

"ನಿಯಮ ಅಂದ್ರೆ ಎಲ್ಲಾರಿಗೂ ನಿಯಮ."

"ಸರಿ," ಎಂದಳು ವರ್ನಾ ಕೋಟು ಹಾಕಿಕೊಳ್ಳುತ್ತ. "ಮಂಗಳವಾರ ಗುರಿಸಾಲಿನ ನಾಲ್ಕನೇ ನಂಬರಲ್ಲಿ ಇರ್ತೀನಿ. ನನ್ನ ಡಬ್ಬದ ಜೊತೆ."

ಮಂಗಳವಾರ ಪಕ್ಕದ ಜಿಲ್ಲೆಯ ತಂಡದ ಜೊತೆ ಪಂದ್ಯವಿತ್ತು. ಹಿಮದಲ್ಲಿ ನಲವತ್ತು ಮೈಲಿ ಬಂದಿದ್ದ ಐವರು ಒಂದರಿಂದ ಹತ್ತರವರೆಗಿನ ಜಾಗಗಳಲ್ಲಿ ಊರಿನ ಐವರ ಜೊತೆ ಬೆರೆತು ನಿಂತರು. ವರ್ನಾ ನಾಲ್ಕರಲ್ಲಿ ನಿಂತು, ನೀಲಿ ಪೆನ್ಸಿಲ್ಲಿನ ಅಕ್ಷರವಿದ್ದ ಡಬ್ಬವನ್ನು ಎಲ್ಲರಿಗೂ ಕಾಣುವಂತೆ ಕಟ್ಟೆಯ ಮೇಲಿಟ್ಟಳು. ಎರವಲು ರಿವಾಲ್ವರು ಹಿಡಿದ ಡುವೇನ್ ಆರರಲ್ಲಿದ್ದ. ಅವತ್ತು ಆಜ್ಞೆ ಕೂಗುವ ಸರದಿ ಎಲ್ಮರನದು.

ಅವನು ಅವಳ ಹಿಂದೆ ಬಂದು ಬಗ್ಗಿ ಹೇಳಿದ, "ಅದನ್ನ ಒಳಗಿಡು. ನನ್ನ ಹತ್ರ ಕಾರ್ಖಾನೇದು ಒಂದು ಡಬ್ಬ ಇದೆ, ಕೊಡ್ತೀನಿ."

"ನಿನ್ನ ಹತ್ರ ಇಟ್ಕೋ."

"ವರ್ನಾ, ಮರ್ಯಾದೆಯಿಂದ ಹೇಳ್ತಿದೀನಿ."

"ನಾನೂ ಮರ್ಯಾದೆಯಿಂದಾನೇ ನಿಂತಿದೀನಿ."

ಎಲ್ಮರ್ ನೆಟ್ಟಗಾಗಿ ಸಾಲಿನ ಹಿಂದೆ ತನ್ನ ಜಾಗಕ್ಕೆ ಹೋದ. "ನಾಲ್ಕನೇ ನಂಬರು ಬಿಟ್ಟು ಉಳಿದವರು, ಐದು ಗುಂಡು, ತುಂಬಿ," ಎಂದು ಕೂಗಿದ. ಒಂಬತ್ತು ಸಿಲಿಂಡರುಗಳು ಮುಚ್ಚಿದ ಸದ್ದು. "ಸಾಲು ತಯಾರೇ?"

ಈ ಪ್ರಶ್ನೆಗೆ ಸಾಮಾನ್ಯವಾಗಿ ಯಾರೂ ಉತ್ತರಿಸುವುದಿಲ್ಲ, ಮೌನವೇ ಒಪ್ಪಿಗೆ. ಆದರೆ ಗುರಿಯ ಸಾಲಿನಲ್ಲಿ ನಿಂತವರು ಯಾರೇ ಆಗಲಿ, ತಯಾರಿಲ್ಲ ಎಂದರೆ ಅದು ಮುಗಿಯಿತು. ಅಧ್ಯಕ್ಷನಾಗಲಿ ಗವರ್ನರನಾಗಲಿ, ಅದು ಬಗೆಹರಿಯುವವರೆಗೆ ಒಂದು ಗುಂಡೂ ಹಾರುವಂತಿಲ್ಲ. ಹತ್ತು ಜನ ತುಂಬಿದ ಬಂದೂಕು ಹಿಡಿದು ನಿಲ್ಲುವ ಕಡೆ ಇದನ್ನು ಮೀರಿದವರನ್ನು ಯಾರೂ ಮತ್ತೆ ಒಳಗೆ ಬಿಡುವುದಿಲ್ಲ.

"ನಾಲ್ಕು ತಯಾರಿಲ್ಲ," ಎಂದಳು ವರ್ನಾ.

ಎಲ್ಮರ್ ಹಲ್ಲು ಕಚ್ಚಿ, "ಸಾಲು ತಯಾರಿಲ್ಲ. ಖಾಲಿ ಮಾಡಿ," ಎಂದ. ಒಂಬತ್ತು ಜನ ಖಾಲಿ ಮಾಡಿದರು. ಅವನು ಮತ್ತೆ ತುಂಬಿಸಿದ, ಮತ್ತೆ ಕೇಳಿದ.

"ನಾಲ್ಕು ತಯಾರಿಲ್ಲ."

ಮೂರನೆಯ ಸಲ ಅವಳು ಬಾಯಿ ತೆರೆಯುವ ಮೊದಲೇ ಒಂದು ಜಾಗದಾಚೆಯಿಂದ ಇನ್ನೊಂದು ದನಿ ಬಂತು. ಅಷ್ಟೇನೂ ಗಟ್ಟಿಯಾಗಿರಲಿಲ್ಲ.

"ಆರೂ ತಯಾರಿಲ್ಲ," ಎಂದ ಡುವೇನ್.

ಎಲ್ಮರ್ ಅವನ ಕಡೆ ನೋಡಿದ ನೋಟದಲ್ಲಿ ಶಿಫಾರಸು ಪತ್ರದ ಭವಿಷ್ಯ ಸ್ಪಷ್ಟವಾಗಿತ್ತು. ಹುಡುಗನ ಕಿವಿ ಕೆಂಪಾದರೂ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

ಒಂದನೇ ಜಾಗದಲ್ಲಿದ್ದ ಎದುರು ತಂಡದ ನಾಯಕ, ಸೊಂಟ ಹಿಡಿದ ಎಪ್ಪತ್ತರ ಮುದುಕ, ಕಿವಿಯ ಮುಚ್ಚಳ ಸರಿಸಿದ. "ಅಲ್ರೀ, ಏನು ಸಮಸ್ಯೆ? ನಮ್ಗೆ ವಾಪಸ್ ಹೋಗೋ ದಾರಿ ಹಿಮದಲ್ಲಿ ಮುಚ್ಚಿ ಹೋಗ್ತಿದೆ."

"ಮನೇಲಿ ತುಂಬಿದ ಕಾಡತೂಸು ಇಲ್ಲಿ ಹೊಡೀಬಾರ್ದಂತೆ," ಎಂದಳು ವರ್ನಾ, ತಿರುಗದೆ. "ಹೊಸ ನಿಯಮ. ಕಾಫಿ ಹಂಡೆ ಮೇಲಿದೆ, ಓದಿ."

ಮುದುಕ ತನ್ನ ಡಬ್ಬ ನೋಡಿದ. ಪಕ್ಕದವನ ಡಬ್ಬ ನೋಡಿದ. "ನಾವು ಐದು ಜನಾನೂ ಮನೇದೇ ತಂದಿರೋದು. ಕಾರ್ಖಾನೇದು ಹೊಡ್ದು ನಂಗೆ ಹನ್ನೆರಡು ವರ್ಷ ಆಯ್ತು. ಹೊರಡೋಣ್ವಾ ಹಾಗಾದ್ರೆ? ಸೋತಿದ್ದು ನಾವಾ, ನೀವಾ? ಅದೊಂದು ಬರ್ಕೊಡಿ, ನಮ್ಮ ಹೆಂಗಸರಿಗೆ ತೋರ್ಸ್ಬೇಕು."

ಯಾರೋ ಮೂಗಿನಲ್ಲಿ ನಕ್ಕರು. ಎಲ್ಮರ್ ಸಾಲಿನ ಉದ್ದಕ್ಕೂ ನೋಡಿದ: ಹತ್ತು ಬೆನ್ನುಗಳು, ಒಂದೂ ಅಲುಗುತ್ತಿಲ್ಲ. ಗಂಟಲು ಸರಿಮಾಡಿಕೊಂಡ.

"ಇವತ್ತಿನ ಪಂದ್ಯಕ್ಕೆ ಮಾತ್ರ," ಎಂದ.

"ಪ್ರತಿ ಮಂಗಳವಾರಾನೂ ಇಲ್ಲೇ ಇರ್ತೀನಿ, ಎಲ್ಮರ್," ಎಂದಳು ವರ್ನಾ. "ಪ್ರತಿ ಮಂಗಳವಾರಾನೂ 'ಇವತ್ತಿಗೆ ಮಾತ್ರ' ಅನ್ನು. ನಂಗೇನೂ ಬೇಜಾರಿಲ್ಲ."

ಎಲ್ಮರ್ ಗಡಿಯಾರ ನೋಡಿ, ಎದೆ ತುಂಬಾ ಉಸಿರೆಳೆದು ಕೂಗಿದ, "ಐದು ಗುಂಡು, ಎಲ್ಲರೂ, ತುಂಬಿ."

ಒಂಬತ್ತು ಸಿಲಿಂಡರುಗಳು ಒಟ್ಟಿಗೇ ಮುಚ್ಚಿದವು. ವರ್ನಾ ಡಬ್ಬದಿಂದ ಒಂದು ಕಾಡತೂಸು ತೆಗೆದು ದೀಪಕ್ಕೆ ಹಿಡಿದು ನೋಡಿ ಸಿಲಿಂಡರಿನ ಒಳಗಿಟ್ಟಳು. ಎರಡನೆಯದನ್ನೂ ಹಾಗೆಯೇ. ಮೂರನೆಯದು. ನಾಲ್ಕನೆಯದು. ಒಂಬತ್ತು ಗಂಡಸರು ತೋಳು ನೋಯಿಸಿಕೊಂಡು ಕಾದರು. ಐದನೆಯದನ್ನು ಇನ್ನೂ ಒಂದು ಗಳಿಗೆ ಹೆಚ್ಚಾಗಿಯೇ ನೋಡಿ ಕೂರಿಸಿದಳು.

"ಸಾಲು ತಯಾರೇ?" ಎಂದು ಎಲ್ಮರ್ ಕೇಳಿದ. ಯಾರೂ ಉತ್ತರಿಸಬೇಕಿರಲಿಲ್ಲ.

"ನಾಲ್ಕು ತಯಾರು," ಎಂದಳು ವರ್ನಾ.